ಹುಳಿ ಹಿಂಡಿದ ಬಟ್ಟೆ

ಎರಡೇ ಪೀಕ್ ಬರಬೇಕಾಗಿತ್ತು. ಕಡಲೆ ಗಿಡದ ಹುಳಿಯಲ್ಲಿ ಮುಖ್ಯವಾಗಿ ಇರುವುದು ಎರಡು ಆಮ್ಲ, ಮ್ಯಾಲಿಕ್ ಮತ್ತು ಆಕ್ಸಾಲಿಕ್. ಆಮ್ಲಗಳನ್ನು ಬೇರ್ಪಡಿಸಿ ತೋರಿಸುವ ಯಂತ್ರದ ಪರದೆಯ ಮೇಲೆ ಗೆರೆ ನೆಟ್ಟಗೆ ಹರಿದು, ಎರಡು ಕಡೆ ಗುಡ್ಡದ ಹಾಗೆ ಎದ್ದು, ಮತ್ತೆ ಮಲಗಬೇಕು. ಅಷ್ಟನ್ನು ನೋಡಿ ನಾನೂ ಪಕ್ಕದ ಮೇಜಿನ ಸ್ನೇಹಲಳೂ ನಕ್ಕು, ಡಬ್ಬಿ ಬಿಚ್ಚಿ ಊಟಕ್ಕೆ ಕೂರುವವರಿದ್ದೆವು.

ಗೆರೆ ಮಲಗಲಿಲ್ಲ. ಆ ಎರಡು ಗುಡ್ಡಗಳ ಹಿಂದೆ ಮುಂದೆ ಸಣ್ಣ ಪೀಕುಗಳು ಒಂದರ ಪಕ್ಕ ಒಂದು ಏಳತೊಡಗಿದವು, ಸಮ ಅಂತರದಲ್ಲಿ, ಹಳೆಯ ಬಾವಿಗೆ ಇಳಿಯುವ ಮೆಟ್ಟಿಲುಗಳಂತೆ. ಆ ಮೆಟ್ಟಿಲುಗಳನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಮಳೆಗಾಲದಿಂದ ಅವುಗಳನ್ನು ಅಳೆಯುವುದೇ ನನ್ನ ಕೆಲಸ.

“ಅಗ ಶೀತಲ, ಇದು ಭಟ್ಟಿ ನೀರಲ್ಲಾ?” ಎಂದಳು ಸ್ನೇಹಲ.

ನಾನು ಹೌದೆಂದು ತಲೆ ಆಡಿಸಿದೆ. ಮೊದಲೇ ನಾನು ಮಾತಾಡುವುದು ಕಡಿಮೆ.

ನಮ್ಮದು ಸೋಲಾಪುರದ ಅಂಚಿನಲ್ಲಿರುವ ಒಂದು ಖಾಸಗಿ ಪ್ರಯೋಗಾಲಯ. ಸಕ್ಕರೆ ಕಾರ್ಖಾನೆಯ ನೀರು, ಚಾದರಿಗೆ ಬಣ್ಣ ಹಾಕುವವರ ನೀರು, ಬೋರ್‌ವೆಲ್ಲಿನ ನೀರು ಎಲ್ಲ ಬಾಟಲಿಗಳಲ್ಲಿ ಬರುತ್ತವೆ, ನಾವು ಅವುಗಳಲ್ಲಿ ಏನಿದೆ ಎಂದು ಬರೆದು ಕೊಡುತ್ತೇವೆ. ಈ ವರ್ಷ ಹೊಸದಾಗಿ ಬರುತ್ತಿರುವುದು ಎಣ್ಣೆಗಲ್ಲಿನ ನೀರು. ಅಸ್ಸಾಮಿನ ಕಡೆಯಿಂದ ಲಾರಿಯಲ್ಲಿ ಬರುವ ಕಪ್ಪು ಪದರುಗಲ್ಲು ಅದು. ಗಾಳಿ ಹೋಗದ ಭಟ್ಟಿಯಲ್ಲಿಟ್ಟು ಕಾಯಿಸಿದರೆ ಕಲ್ಲಿನಿಂದ ಎಣ್ಣೆ ಬಸಿಯುತ್ತದೆ. ಎಣ್ಣೆಯ ಜೊತೆಗೆ ಕಂದು ಬಣ್ಣದ, ಮೂಗಿಗೆ ಬಡಿಯುವ ನೀರೂ ಬರುತ್ತದೆ. ಭಟ್ಟಿ ತಯಾರಿಸುವ ಕಂಪನಿಯೊಂದು ಇಲ್ಲಿಯೇ ಶೆಡ್ ಹಾಕಿ ಪ್ರಯೋಗ ನಡೆಸಿದೆ. ನನ್ನ ಅಣ್ಣ ಶೈಲೇಶ ಅಲ್ಲಿ ಆ ನೀರನ್ನು ಸೋಸುವ ಯಂತ್ರದ ಮೇಲೆ ಕೆಲಸಕ್ಕಿದ್ದಾನೆ. ಅವನು ಸೋಸಿದ ನೀರು ನನ್ನ ಮೇಜಿಗೆ ಬರುತ್ತದೆ. “ನಾ ಗಾಳಸ್ತೀನಿ, ನೀ ಬೈತಿ” ಎಂದು ಅವನು ನಗುತ್ತಾನೆ.

ಆ ನೀರಿನೊಳಗಿನ ಆಮ್ಲಗಳನ್ನು ಹಿಡಿಯಲು ಒಂದು ಕ್ರಮವಿದೆ. ಮೊದಲು ಬಟ್ಟೆ ಒಗೆಯುವ ಸೋಡಾದಂಥ ಕ್ಷಾರ ಹಾಕಬೇಕು. ಆಮ್ಲಗಳೆಲ್ಲ ಉಪ್ಪಾಗಿ ಮಾರ್ಪಟ್ಟು ನೀರಿನಲ್ಲಿ ತೆಪ್ಪಗೆ ಕೂರುತ್ತವೆ, ವಾಸನೆ ಇಳಿಯುತ್ತದೆ. ಆಗ ಎಣ್ಣೆಯ ಅಂಶವನ್ನು ಬೇರೆ ಮಾಡಿ ಚೆಲ್ಲಬಹುದು. ಆಮೇಲೆ ತೀಕ್ಷ್ಣವಾದ ಹುಳಿ, ಅಂದರೆ ಗಂಧಕಾಮ್ಲ ಹಾಕಬೇಕು. ಹಾಕಿದ ಕ್ಷಣವೇ ಮಲಗಿದ್ದ ಆಮ್ಲಗಳೆಲ್ಲ ಎದ್ದು ಕೂರುತ್ತವೆ. ಕೆಟ್ಟ ತುಪ್ಪ, ಡಾಂಬರು, ಬೆವರಿದ ಅಂಗಿ, ಎಲ್ಲ ವಾಸನೆ ಒಂದೇ ಸಲಕ್ಕೆ. ಮೊದಲ ವಾರ ನಾನು ವಾಂತಿ ಮಾಡಿಕೊಂಡಿದ್ದೆ.

ಕಡಲೆ ಹುಳಿ ಮೇಜಿಗೆ ಬಂದದ್ದು ಚೇಷ್ಟೆಯಿಂದ. ನಮ್ಮೂರು ಹನ್ನೂರ, ಅಕ್ಕಲಕೋಟ ತಾಲೂಕು. ಚಳಿಗಾಲದಲ್ಲಿ ಕಡಲೆ ಹೂವಿಗೆ ಬಂದಾಗ ಅಜ್ಜಿ ಸಂಜೆ ಹೊಲಕ್ಕೆ ಹೋಗಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬರುತ್ತಾಳೆ. ಗಿಡ ತನ್ನ ಎಲೆಯ ಮೇಲೆ ಹುಳಿ ಬಿಡುತ್ತದೆ, ಇಬ್ಬನಿ ಅದನ್ನು ಕರಗಿಸುತ್ತದೆ, ಬಟ್ಟೆ ಕುಡಿಯುತ್ತದೆ. ಬೆಳಗ್ಗೆ ಹಿಂಡಿದರೆ ಪಾತ್ರೆಯೊಳಗೆ ಹುಳಿ. ಮರಾಠಿಯವರು ಅದಕ್ಕೆ ಆಂಬ ಎನ್ನುತ್ತಾರೆ. ಹೊಟ್ಟೆನೋವು, ಅಜೀರ್ಣ, ವಾಕರಿಕೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದು ಚಮಚ ಅದೇ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದಾಗ ಅಜ್ಜಿ ನನಗೂ ಒಂದು ಚಮಚ ಕುಡಿಸಿ, ಒಂದು ಬಾಟಲಿ ಕೊಟ್ಟು ಕಳಿಸಿದ್ದಳು. ಬಾಯಲ್ಲಿ ಸ್ವಲ್ಪ ಹೊಗೆ ಹೊಗೆ ಅನ್ನಿಸಿತ್ತು. ಹೊಲದಲ್ಲಿ ಅಡಿಗೆಗೆ ಹಚ್ಚಿದ ಒಲೆಯದ್ದಿರಬೇಕು ಎಂದುಕೊಂಡೆ. ಆ ಬಾಟಲಿ ನೋಡಿ ಸ್ನೇಹಲ, “ಅರೆ, ನಿಮ್ಮ ಅಜ್ಜಿ ಡಿಗ್ರಿ ಇಲ್ಲದ ಕೆಮಿಸ್ಟ್. ಹಾಕಿ ನೋಡೂಣು, ಎಷ್ಟು ಪ್ಯೂರ್ ತೆಗೀತಾಳ!” ಎಂದು ಹಟ ಹಿಡಿದಿದ್ದಳು.

ಈಗ ಇಬ್ಬರಿಗೂ ನಗು ಬರಲಿಲ್ಲ. ಹಿಂದಿನ ಸ್ಯಾಂಪಲ್ಲಿನ ಎಂಜಲು ಯಂತ್ರದ ಸೂಜಿಯಲ್ಲಿ ಉಳಿದಿರಬಹುದು ಎಂದು ಶುದ್ಧ ದ್ರಾವಣ ಹಾಕಿ ನೋಡಿದೆ. ಗೆರೆ ನೆಟ್ಟಗೆ ಹೋಯಿತು, ಒಂದು ಮೆಟ್ಟಿಲೂ ಇಲ್ಲ. ಬಾಟಲಿಯಿಂದ ಮತ್ತೊಮ್ಮೆ ತೆಗೆದು ಹಾಕಿದೆ. ಮತ್ತೆ ಅದೇ ಮೆಟ್ಟಿಲು.

ಅಷ್ಟರಲ್ಲಿ ಯೋಗಿರಾಜ ಸರ್ ಬಂದರು. ಪ್ರಯೋಗಾಲಯ ಅವರದ್ದೇ. ನನ್ನ ಹಾಳೆಯನ್ನೂ ಕಂಪನಿಯ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಮೆಟ್ಟಿಲ ಮೇಲೆ ಮೆಟ್ಟಿಲು ಕೂತಿತು. ನಮ್ಮದು ಗಿಡ್ಡ, ಅಷ್ಟೇ ವ್ಯತ್ಯಾಸ.

“ಬಾಟಲಿ ಅದಲಿ ಬದಲಿ ಮಾಡೀರಿ,” ಎಂದರು.

“ಇಲ್ಲ ಸರ್. ಇದು ನಮ್ಮ ಹೊಲದ್ದು.”

“ಹೊಲದ್ದು ಅಂದ್ರ? ಹನ್ನೂರ ಎಲ್ಲಿ, ಭಟ್ಟಿ ಎಲ್ಲಿ? ನಡುವ ಪೂರಾ ತಾಲೂಕ ಐತಿ.” ಅವರು ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದು ಸರಕ್ಕನೆ ಹಿಂದೆ ಸರಿದರು. ಆ ಕೋಣೆಯಲ್ಲಿ ದಿನವೂ ಅದೇ ವಾಸನೆ, ನಾವಿಬ್ಬರೂ ಗಮನಿಸಿರಲಿಲ್ಲ. “ಏನ ಮಾಡ್ತಾರ ಇದನ್ನ?”

“ಕುಡೀತಾರ ಸರ್.”

“ಯಾರು?”

ಆ ಪ್ರಶ್ನೆ ಬರುವ ತನಕ ನನ್ನ ತಲೆಯಲ್ಲಿ ಬರೀ ಗೆರೆಗಳಿದ್ದವು. ಈಗ ವೈನಿ ನೆನಪಿಗೆ ಬಂದಳು. ಅಣ್ಣನ ಹೆಂಡತಿ ಶುಭಾಂಗಿ. ಐದು ತಿಂಗಳ ಬಸುರಿ. ವಾಕರಿಕೆ ನಿಲ್ಲುತ್ತಿಲ್ಲವೆಂದು ಅಜ್ಜಿ ಅವಳಿಗೆ ದಿನಾ ಬೆಳಗ್ಗೆ ಚಮಚ ಹಿಡಿದುಕೊಂಡು ನಿಲ್ಲುತ್ತಿದ್ದಳು. ಕುಡಿದಷ್ಟೂ ವಾಕರಿಕೆ ಹೆಚ್ಚುತ್ತಿತ್ತು. ಹೆಚ್ಚಿದಷ್ಟೂ ಅಜ್ಜಿ ಕುಡಿಸುತ್ತಿದ್ದಳು.

ಹೊರಗೆ ಹೋಗಿ ಫೋನ್ ಹಚ್ಚಿದೆ.

“ವೈನಿ, ಹುಳಿ ಕುಡೀಬ್ಯಾಡ್ರಿ.”

“ಅಯ್ಯ, ಯಾಕವಾ? ಇವತ್ತಿಂದು ಕುಡದ ಮುಗೀತಲ್ಲ.”

“ಯಾಕಂತ ಗೊತ್ತಿಲ್ಲ. ನಾ ಬರಾಕತ್ತೀನಿ. ಅಲ್ಲೀತನ ಬ್ಯಾಡ. ಆಣಿ ಮಾಡ್ರಿ.”

“ನೀ ಇಷ್ಟ ಮಾತಾಡಿದ್ದು ಕೇಳಿದ್ರನ ಅಂಜಿಕಿ ಬರತೈತಿ,” ಎಂದು ವೈನಿ ನಕ್ಕಳು. “ಆತು, ಬಾ.” ಆಣೆ ಮಾಡಲಿಲ್ಲ. ನನಗೆ ಅದು ಆಗ ಹೊಳೆಯಲಿಲ್ಲ.

ಎಸ್ಟಿ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತು, ಭಟ್ಟಿ ನೀರು ಬಂದಿರಬಹುದಾದ ಒಂದೊಂದೇ ದಾರಿಯನ್ನು ಮನಸ್ಸಿನಲ್ಲೇ ಮುಚ್ಚುತ್ತ ಬಂದೆ. ಗಾಳಿಯಲ್ಲಿ ಬಂತೆ? ಅಷ್ಟು ದೂರ ಬಂದರೆ ನಡುವಿನ ಊರುಗಳೆಲ್ಲ ನಾರಬೇಕಿತ್ತು. ಬಾವಿಯಲ್ಲಿ ಬಂತೆ? ಇಬ್ಬನಿಗೂ ಬಾವಿಗೂ ಸಂಬಂಧವಿಲ್ಲ. ಯಾರಾದರೂ ಟ್ಯಾಂಕರ್ ತಂದು ನಮ್ಮ ಕಡೆಯ ಹಳ್ಳಕ್ಕೆ ಸುರಿದರೆ? ಅಣ್ಣನ ಕಂಪನಿಯವರೇ ಸುರಿದರೆ? ಅಣ್ಣನಿಗೆ ಗೊತ್ತಿದ್ದೂ ಸುಮ್ಮನಿದ್ದರೆ? ಅಷ್ಟಕ್ಕೆ ಬಂದಾಗ ಯೋಚಿಸುವುದನ್ನೇ ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು “ಬಸ್ ಹತ್ತಿ ವಾಕರಿಕಿ ಬರತೈತೇನ ಬಾಯಿ, ನಿಂಬಿಹಣ್ಣ ಮೂಸು” ಎಂದು ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು.

ಮನೆ ಮುಟ್ಟಿದಾಗ ಅಣ್ಣನೂ ಬಂದಿದ್ದ. ಮರುದಿನ ರವಿವಾರ, ಅವನ ರಜೆ. “ಬಂದಳು ನಮ್ಮ ಮೂಕ ಸೈಂಟಿಸ್ಟ್!” ಎಂದ. ಅವನ ಮುಖ ನೋಡಿದೆ. ಏನೂ ಬಚ್ಚಿಟ್ಟ ಮುಖವಲ್ಲ ಅದು. ಮೊದಲು ಹೊಲ ನೋಡೋಣ ಎಂದುಕೊಂಡೆ. ಬೆಳಗ್ಗೆ ನಾನೂ ಹೊಲಕ್ಕೆ ಬರುತ್ತೇನೆ ಎಂದು ಅಜ್ಜಿಗೆ ಹೇಳಿ ಮಲಗಿದೆ.

ನಮ್ಮ ಅಜ್ಜಿಯ ಹೆಸರು ಗುರುಬಾಯಿ. ಮನೆಯಲ್ಲಿ ಆಯಿ ಎನ್ನುತ್ತೇವೆ. ಮೊಣಕಾಲು ನೋವೆಂದು ಮನೆಯಲ್ಲಿ ನರಳುವವಳು ಹೊಲದ ಬದುವಿನ ಮೇಲೆ ಮಾತ್ರ ನನಗಿಂತ ಮುಂದೆ. ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ. ಕಡಲೆ ಹೊಲವೆಲ್ಲ ಬೂದು ಹಸಿರು, ಅದರ ನಡುವೆ ಒಂದು ಕಡೆ ಬೆಳ್ಳಗೆ ಬಟ್ಟೆ ಹಾಸಿತ್ತು.

“ಆಯಿ, ಹೋದ ವರ್ಷ ಅಪ್ಪನ ಹಳೇ ಧೋತರ ಹಾಸತಿದ್ದಿ.”

“ಅದು ತೂತ ಬಿದ್ದ ಹೋತು. ಇದು ಹೊಸಾದು. ನಮ್ಮ ಶೈಲ್ಯಾ ತಂದಾನ. ಧೋತರಕಿಂತ ಛಲೋ, ಎಷ್ಟ ಹಿಂಡಿದರೂ ಹರಿಯಂಗಿಲ್ಲ. ಎರಡ ಪಟ್ಟು ಹುಳಿ ಹಿಡೀತೈತಿ, ನೋಡು.”

ಆಯಿ ಬಟ್ಟೆ ಎತ್ತಿ ತಿರುಚಿದಳು. ಹುಳಿ ಪಾತ್ರೆಗೆ ಸುರಿಯಿತು. ನಾನು ಪಾತ್ರೆ ನೋಡುತ್ತಿರಲಿಲ್ಲ. ಬಟ್ಟೆಯ ಮೂಲೆಯಲ್ಲಿ ತೂಗುಹಾಕುವ ತೂತಿಗೆ ಹಿತ್ತಾಳೆಯ ಬಳೆ ಕೂಡಿಸಿತ್ತು. ಇನ್ನೊಂದು ಮೂಲೆಯಲ್ಲೂ. ದಪ್ಪ ಹತ್ತಿ ಬಟ್ಟೆ, ಒತ್ತೊತ್ತಾದ ನೇಯ್ಗೆ, ಮೂಲೆಗೊಂದು ಹಿತ್ತಾಳೆ ಬಳೆ. ಕಂಪನಿಯವರು ಒಂದು ಸಲ ಇಂಥದ್ದೇ ಬಟ್ಟೆಯ ತುಂಡನ್ನು ನೀರಿನ ಜೊತೆ ನಮ್ಮಲ್ಲಿಗೆ ಕಳಿಸಿದ್ದರು. ಸೋಸುವ ಯಂತ್ರದ ಫಲಕಗಳ ನಡುವೆ ತೂಗುಹಾಕುವ ಬಟ್ಟೆ. ಭಟ್ಟಿಯ ನೀರೆಲ್ಲ ಹಾಯುವುದು ಇದರೊಳಗಿಂದಲೇ.

ಗಾಳಿಯೂ ಅಲ್ಲ, ಹಳ್ಳವೂ ಅಲ್ಲ. ನಮ್ಮ ಮನೆಯವನೇ ಮಡಿಚಿ ಚೀಲದಲ್ಲಿ ಹಾಕಿಕೊಂಡು ತಂದದ್ದು.

“ಆಯಿ, ಇದಕ್ಕ ವಾಸನಿ ಬರಂಗಿಲ್ಲಾ?”

“ನನ್ನ ಮೂಗಿಗೆ ಏನ ಕೇಳತಿ? ಹರೇದಾಗಿಂದ ತಪಕೀರ ಏರಿಸಿ ಏರಿಸಿ ಅದು ಎಂದೋ ಸತ್ತೈತಿ.” ಆಯಿ ಸೊಂಟದ ಚೀಲದಿಂದ ನಶ್ಯದ ಡಬ್ಬಿ ತೆಗೆದು ತಟ್ಟಿದಳು. “ಯಾಕ, ಹಂಗ ಯಾಕ ನಿಂತಿ? ಹಾವು ಗೀವು ಕಂಡೀ ಏನ?”

ನಾನು ಅವಳ ಕೈಯಿಂದ ಪಾತ್ರೆ ಕಸಿದುಕೊಂಡು ಹುಳಿಯನ್ನೆಲ್ಲ ಬದುವಿಗೆ ಚೆಲ್ಲಿಬಿಟ್ಟೆ. ಆಯಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹುಟ್ಟಿದಾಗಿನಿಂದ ಅವಳ ಕೈಯಿಂದ ನಾನು ಏನನ್ನೂ ಕಸಿದವಳಲ್ಲ.

ಮನೆಯ ಪಡಸಾಲೆಯಲ್ಲಿ ಅಣ್ಣ ಚಹಾ ಕುಡಿಯುತ್ತ ಕೂತಿದ್ದ. ವೈನಿ ಬಾಗಿಲಿಗೆ ಒರಗಿ ನಿಂತಿದ್ದಳು, ಕಣ್ಣ ಕೆಳಗೆ ಕಪ್ಪು. ಆಯಿ ಒಳಗೆ ಕಾಲಿಡುತ್ತಲೇ ಸುರು ಮಾಡಿದಳು: “ನೋಡಪಾ ನಿನ್ನ ತಂಗಿ ಶಾಣ್ಯಾತನ! ಮುಂಜಾನೆ ಎದ್ದು ಹಿಂಡಿದ್ದ ಹುಳಿ ಮಣ್ಣಿಗೆ ಸುರದಾಳ.”

ನಾನು ಒದ್ದೆ ಬಟ್ಟೆಯನ್ನು ಅಣ್ಣನ ಮುಂದಿಟ್ಟೆ.

“ಇದು ಸೋಸೂ ಪ್ರೆಸ್ಸಿನ ಬಟ್ಟಿ.”

“ಹೌದು. ಮತ್ತ?” ಎಂದ. “ಸವದ ಮ್ಯಾಲ ಕಸಕ್ಕ ಒಗೀತಾರ. ಒಗ್ಯೂದು ಯಾಕಂತ ನಾವೆಲ್ಲಾ ಒಂದೊಂದ ತಂದೀವಿ. ಹಂಗ ತಂದಿಲ್ಲ ಮತ್ತ. ಸೋಡಾದ ನೀರಾಗ ವಾರಗಟ್ಟಲೆ ನೆನಿ ಹಾಕಿ, ಬಿಸಲಿಗೆ ಹಾಕಿ, ಹಾಲಿನಂಗ ಬೆಳ್ಳಗ ಮಾಡಿ ತಂದೀನಿ. ಇನ್ನೊಂದ ಮನ್ಯಾಗ ಐತಿ, ಅವ್ವ ಸಂಡಿಗಿಗಂತ ಇಟ್ಟಾಳ. ಬೇಕಂದ್ರ ಮೂಸು, ವಾಸನಿ ಇದ್ರ ಹೇಳು.”

“ಆಮ್ಯಾಲ ಬರೇ ನೀರಾಗ ಎಷ್ಟ ಸಲ ಜಾಲಾಡಿಸಿದ್ರಿ?”

“ಅಲ್ಲಿ ನೀರ ಎಲ್ಲಿ ಐತವಾ? ಒಮ್ಮಿ ಅದ್ದಿ ತಗದ್ವಿ.”

ಅವ್ವ ಇನ್ನೊಂದು ಬಟ್ಟೆಯನ್ನು ತಂದಳು. ಹೊಲಕ್ಕೆ ಹೋಗದ ಬಟ್ಟೆ. ಒಣಗಿತ್ತು, ಗರಿಗರಿಯಾಗಿತ್ತು. ಮೂಸಿದೆ. ನಿಜ, ಏನೂ ಇರಲಿಲ್ಲ. ಬಿಸಿಲಿನ ವಾಸನೆ, ಸೋಡಾದ ವಾಸನೆ. ಅಣ್ಣ ಗೆದ್ದವನ ಹಾಗೆ ಹುಬ್ಬು ಏರಿಸಿದ.

ವಿವರಿಸಬೇಕೆಂದು ಬಾಯಿ ತೆರೆದೆ. ಕ್ಷಾರ, ಉಪ್ಪು, ಆಮ್ಲ, ಯಾವ ಮಾತೂ ಸಾಲಾಗಿ ನಿಲ್ಲಲಿಲ್ಲ. ಎಲ್ಲರೂ ನನ್ನನ್ನೇ ನೋಡುವಾಗ ನನಗೆ ಯಾವತ್ತೂ ಹಾಗೆಯೇ. ಆಗ ಬಸ್ಸಿನ ಹೆಂಗಸು ಕೊಟ್ಟ ನಿಂಬೆಹಣ್ಣು ನೆನಪಾಯಿತು. ಒಳಗೆ ಹೋಗಿ ಚೀಲದಿಂದ ತೆಗೆದು, ಈಳಿಗೆಯಲ್ಲಿ ಹೋಳು ಮಾಡಿ ತಂದು, ಆ ಒಣ ಬಟ್ಟೆಯ ಮೇಲೆ ಹಿಂಡಿದೆ.

“ಈಗ ಮೂಸು.”

ಅಣ್ಣ ನಗುತ್ತಲೇ ಬಗ್ಗಿದ. ನಗು ಮುಖದ ಮೇಲೆ ಉಳಿಯಿತು, ಆದರೆ ಕಣ್ಣು ಬದಲಾದವು. ಅವನು ಮೂಸುವ ಮೊದಲೇ ವಾಸನೆ ಎದ್ದಿತ್ತು. ಕೆಟ್ಟ ತುಪ್ಪ, ಡಾಂಬರು, ಬೆವರು. ಪಡಸಾಲೆಯಲ್ಲಿ ಯಾರೋ ಭಟ್ಟಿಯ ಬಾಗಿಲು ತೆರೆದಂತಾಯಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಣ್ಣನ ಕೈಯಲ್ಲಿದ್ದ ಸಾಸರಿನ ಚಹಾ ಅವನ ತೊಡೆಯ ಮೇಲೆ ಚೆಲ್ಲಿತು. ಬಿಸಿ ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

“ಇದು ಹೋಗಿತ್ತು,” ಎಂದ. “ನಾನ ತೊಳದೀನಿ. ಹೋಗಿತ್ತು ಇದು.”

“ಹೋಗಿದ್ದಿಲ್ಲ ಅಣ್ಣಾ. ಸೋಡಾದಾಗ ಮಲಗಿತ್ತು. ಹುಳಿ ಬಿದ್ರ ಏಳತೈತಿ. ದಿನಾ ಮುಂಜಾನೆ ಕಡಲಿ ಹುಳಿ ಎಬ್ಬಿಸೇತಿ.”

ನಾನು ಪ್ರಯೋಗಾಲಯದಲ್ಲಿ ಗಾಜಿನ ಬುರುಡೆಯಲ್ಲಿ ಮಾಡುವುದನ್ನೇ ನಮ್ಮ ಮನೆಯವರು ಹೊಲದಲ್ಲಿ ಮಾಡಿದ್ದರು. ಒಬ್ಬರು ಕ್ಷಾರ ಹಾಕಿದರು, ಇನ್ನೊಬ್ಬರು ಹುಳಿ. ಕೊನೆಗೆ ಬಂದ ಸಾರವನ್ನು ನಾನು ಯಂತ್ರಕ್ಕೆ ಹಾಕುತ್ತೇನೆ. ಇವರು ಬಸುರಿ ಹೆಂಗಸಿಗೆ ಕೊಟ್ಟಿದ್ದರು.

ಆಯಿಗೆ ವಾಸನೆ ಬರಲಿಲ್ಲ. ಆದರೆ ನಮ್ಮ ಮುಖಗಳು ಕಂಡವು. “ಏನಾತು? ಯಾರರೆ ಹೇಳ್ರಿ,” ಎಂದು ಗೋಡೆ ಹಿಡಿದು ಕೂತಳು. “ನಾ ಏನ ಕೊಟ್ಟೆ ಆಕಿಗೆ?”

ಎಲ್ಲರೂ ವೈನಿಯ ಕಡೆ ತಿರುಗಿದೆವು. ಅವಳು ಬಾಗಿಲಲ್ಲಿಯೇ ನಿಂತಿದ್ದಳು. ಮೂಗು ಮುಚ್ಚಿಕೊಂಡಿರಲಿಲ್ಲ.

“ಒಂದೊಂದ ಚಮಚ ಅಲ್ಲಾ ಕುಡದದ್ದು?” ಎಂದ ಅಣ್ಣ, ಬೇಡುವವನ ದನಿಯಲ್ಲಿ. “ದಿನಕ್ಕ ಒಂದ ಚಮಚ. ಅದರಾಗ ಎಷ್ಟಿದ್ದೀತು? ಶೀತಲಾ, ಎಷ್ಟಿದ್ದೀತು?”

ಪೀಕು ಗಿಡ್ಡವಿತ್ತು. ಒಂದು ಚಮಚವಾದರೆ ಬಹಳವೇನಲ್ಲ ಎಂದು ಹೇಳಲು ನಾನು ಲೆಕ್ಕ ಹಾಕುತ್ತಿದ್ದೆ. ವೈನಿ ತಲೆ ಅಲ್ಲಾಡಿಸಿದಳು. ಒಳಗೆ ಹೋದಳು. ಜೋಳದ ಕಣಜದ ಹಿಂದಿನಿಂದ ಒಂದು ದೊಡ್ಡ ಸ್ಟೀಲಿನ ತಂಬಿಗೆ ತಂದು ನೆಲದ ಮೇಲಿಟ್ಟಳು. ತಳದಲ್ಲಿ ಸ್ವಲ್ಪ ಉಳಿದಿತ್ತು.

“ಆಯಿ ಹಿಂಡಿ ಉಳಿದದ್ದನ್ನ ಗಡಿಗ್ಯಾಗ ಇಡತಿದ್ರು. ಅದನ್ನ ನಾ ಇದರಾಗ ಹಾಕ್ಕೊಂಡ ಇಟಗೋತಿದ್ದೆ.”

“ಯಾಕ?” ಅಣ್ಣನ ದನಿ ಒಡೆಯಿತು.

ವೈನಿ ನೆಲ ನೋಡುತ್ತ ನಿಂತಳು. ಅತ್ತೆಯ ಮುಂದೆ, ಅಜ್ಜಿಯ ಮುಂದೆ, ಗಂಡನಿಗೆ ಇಂಥ ಮಾತು ಹೇಳಿದವಳಲ್ಲ ಅವಳು. “ನಿಮ್ಮ ಅಂಗಿ ವಾಸನಿ ಬರತಿತ್ರಿ ಅದಕ್ಕ. ನೀವು ರವಿವಾರ ಬಂದು ಬಿಚ್ಚಿ ಹಾಕತೀರಲ್ಲಾ, ಆ ಅಂಗಿ. ವಾರಪೂರ್ತಿ ನೀವ ಇರಂಗಿಲ್ಲ. ನಂಗ ಅದರ ಬಯಕಿ ಆತು. ಕುಡದ್ರ ವಾಂತಿ ಆಗತಿತ್ತು, ವಾಂತಿ ಆದ ಮ್ಯಾಲ ಮತ್ತ ಬೇಕ ಅನಸತಿತ್ತು.” ಆಮೇಲೆ ನನ್ನ ಕಡೆ ನೋಡಿದಳು. “ನಿನ್ನೆ ನೀ ಫೋನ್ ಮಾಡಿದ ಮ್ಯಾಲೂ ಕುಡದೀನಿ ಶೀತಲಾ. ಇನ್ನ ಸಿಗಂಗಿಲ್ಲ ಅನಸ್ತು.”

ನನ್ನ ಲೆಕ್ಕ ಎಲ್ಲಿತ್ತೋ ಅಲ್ಲೇ ನಿಂತಿತು. ಅಂಗಳದಲ್ಲಿ ಕೋಳಿಯೊಂದು ಕೂಗುತ್ತಿತ್ತು. ನಮ್ಮಲ್ಲಿ ಯಾರಾದರೂ ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಅಣ್ಣ ಎದ್ದು ಮೈಮೇಲಿನ ಅಂಗಿಯನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡ, ಬೆಂಕಿ ಹತ್ತಿದವನಂತೆ. ಆಮೇಲೆ ಒಂದೇ ಮಾತು: “ಗಾಡಿ ತರತೀನಿ.”

ಅಕ್ಕಲಕೋಟದ ಹೆಂಗಸರ ಡಾಕ್ಟರಿಗೆ ಹುಳಿ ಗೊತ್ತಿತ್ತು, ಎಣ್ಣೆಗಲ್ಲು ಗೊತ್ತಿರಲಿಲ್ಲ. ನಾನು ನನ್ನ ಹಾಳೆಯನ್ನು ಅವರ ಮೇಜಿನ ಮೇಲೆ ಬಿಡಿಸಿಟ್ಟು ಬೆರಳಿಟ್ಟು ತೋರಿಸಿದೆ. ಇವು ಬೆಣ್ಣೆ ಕೆಟ್ಟಾಗ ಬರುವಂಥ ಆಮ್ಲಗಳು, ಇವು ಮೇಣದಲ್ಲಿರುವಂಥವು, ಈ ಕೊನೆಯವು ಮಾತ್ರ ಡಾಂಬರಿನ ಜಾತಿ, ಫೀನಾಲುಗಳು. ನಡುವೆ ಎಲ್ಲೂ ತಡವರಿಸಲಿಲ್ಲ. ಅದು ನನಗೆ ಆಮೇಲೆ ನೆನಪಾಯಿತು. ಅವರು ಕನ್ನಡಕ ತೆಗೆದು ಕೊನೆಯ ಪೀಕುಗಳನ್ನೇ ನೋಡಿದರು.

ಸೋನೋಗ್ರಾಫಿಯ ಕೋಣೆಗೆ ನಾನೂ ಹೋದೆ. ಮತ್ತೆ ಒಂದು ಪರದೆ, ಮತ್ತೆ ಒಂದು ಗೆರೆ. ಈ ಸಲ ಗೆರೆ ಏಳಲಿ ಎಂದು ಬೇಡಿಕೊಂಡೆ. ಎದ್ದಿತು. ಕೋಣೆಯ ತುಂಬ ಕುದುರೆ ಓಡಿದ ಹಾಗೆ ಸದ್ದು. ವೈನಿ ನನ್ನ ಮುಂಗೈಯಲ್ಲಿ ಉಗುರು ಊರಿದಳು.

“ಸದ್ಯಕ್ಕ ಬಡಿತ ಬರೋಬ್ಬರಿ ಐತಿ,” ಎಂದರು ಡಾಕ್ಟರು. “ಖರೆ, ಇದರ ಮ್ಯಾಲಿಂದ ನಾ ಏನೂ ಮಾತು ಕೊಡಂಗಿಲ್ಲ. ಯಕೃತ್ತು, ಮೂತ್ರಪಿಂಡ ನೋಡಬೇಕು. ಸೋಲಾಪುರಕ್ಕ ಬರದು ಕೊಡತೀನಿ, ಇವತ್ತ ಹೋಗ್ರಿ. ಮತ್ತ ಆ ಬಟ್ಟಿ? ಒಂದ ಇತ್ತೇನು?”

ನಾನು ಅಣ್ಣನ ಕಡೆ ನೋಡಿದೆ. ಅವನು ಗೋಡೆಯ ಕಡೆ ನೋಡಿದ.

ಸೋಲಾಪುರದ ದಾರಿಯಲ್ಲಿ ಅವನೇ ಗಾಡಿ ಓಡಿಸಿದ. ಗೆಳೆಯನ ಹಳೆಯ ಜೀಪು, ಹಿಂದೆ ನಾನೂ ವೈನಿಯೂ. ಅಕ್ಕಲಕೋಟ ದಾಟಿದ ಮೇಲೆ ಒಂದೊಂದಾಗಿ ಹೇಳತೊಡಗಿದ, ನಮಗಲ್ಲ, ರಸ್ತೆಗೆ. “ಸೋಡಾದಾಗ ಹಾಕೂಣು ಅಂತ ಅಂದಾವ ನಾನ. ವಾಸನಿ ಹೋಗತೈತಿ ಅಂತ ಎಲ್ಲಾರಿಗೂ ತೋರಿಸಿದಾವ ನಾನ. ಹಮಾಲರಿಂದ ಹಿಡದು ವೆಲ್ಡರತನ ಎಲ್ಲಾರೂ ಒಯ್ದಾರ. ಒಬ್ಬಾಂವ ಕೂಸಿನ ತೊಟ್ಟಲಕ್ಕ ಹಾಸ್ಯಾನ. ನಮ್ಮ ಪಾಳಿಯ ಆಕಾಶ ಒಯ್ದಾನ, ಹೋಟಗಿ ಊರಾಂವ. ನಾಕ ಒಯ್ದಾನ.”

“ನಾಕ ಯಾಕ?” ಎಂದಳು ವೈನಿ.

“ಅವರವ್ವ ಚಕ್ಕಾ ಮಾಡತಾಳ.”

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಚಕ್ಕಾ ಅಂದರೆ ನೀರು ಬಸಿದ ಗಟ್ಟಿ ಮೊಸರು. ಅದಕ್ಕೆ ಸಕ್ಕರೆ ಹಾಕಿ ತಿಕ್ಕಿದರೆ ಶ್ರೀಖಂಡ. ಮೊಸರನ್ನು ಬಸಿಯುವುದು ಬಟ್ಟೆಯಲ್ಲಿ ಕಟ್ಟಿ, ತೂಗುಹಾಕಿ.

ಮೊಸರೂ ಹುಳಿಯೇ.

“ಹೋಟಗಿಗೆ ತಿರುಗಿಸು,” ಎಂದೆ.

“ಮೊದಲ ಇಕಿ ರಕ್ತ ತಪಾಸಣಿಗೆ ಕೊಟ್ಟು...”

“ದಾರ್ಯಾಗ ಐತಿ, ತಿರುಗಿಸ್ರಿ,” ಎಂದಳು ವೈನಿ. “ನಂಗ ಇವತ್ತ ಗೊತ್ತಾತು. ಅವರಿಗೆ ಇವತ್ತೂ ಗೊತ್ತಿಲ್ಲ.”

ಆಕಾಶನ ಮನೆ ರೈಲು ಹಳಿಯ ಆಚೆ. ಅಂಗಳದಲ್ಲಿ ಬೇವಿನ ಮರ, ಮರದ ಕೊಂಬೆಗೆ ಸಾಲಾಗಿ ನಾಲ್ಕು ಬಿಳಿ ಗಂಟು ತೂಗುತ್ತಿದ್ದವು. ಹಿತ್ತಾಳೆಯ ಬಳೆಗೇ ಹಗ್ಗ ಪೋಣಿಸಿ ಕಟ್ಟಿದ್ದರು, ಅದಕ್ಕೆಂದೇ ಮಾಡಿಸಿದ ಹಾಗೆ. ಕೆಳಗೆ ಇಟ್ಟ ಬೋಗುಣಿಗಳಿಗೆ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಒಂದು ಕರು ಆ ನೀರನ್ನು ನೆಕ್ಕುತ್ತಿತ್ತು.

ಆಕಾಶನ ತಾಯಿ ಚಂದ್ರಭಾಗಾಬಾಯಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದಳು. “ಯಾರು, ಶೈಲೇಶ ಏನ? ಬಾರಪಾ! ಇಕಿ ಹೆಂಡತಿ? ಅಯ್ಯ, ತುಂಬಿದ ಹೊಟ್ಟಿ, ಬಿಸಲಾಗ ಯಾಕ ನಿಂದರಿಸೀದಿ? ಕೂಡ್ರವಾ. ಛಲೋ ಬಟ್ಟಿ ಕೊಟ್ಟೀಯಪಾ, ಒಂದ ಕಣ ಚಕ್ಕಾ ಹೊರಗ ಬರಂಗಿಲ್ಲ. ಖರೆ, ಈ ನಡುವ ಹೋಟೆಲ್‌ನಾವರು ತಕರಾರ ಮಾಡಾಕತ್ಯಾರ. ಶ್ರೀಖಂಡ ಹೊಗಿ ಹೊಗಿ ವಾಸನಿ ಹೊಡೀತೈತಿ ಅಂತ. ನಾ ಎಮ್ಮಿ ಮೇವಿಂದು ಇರಬೇಕಂತ ಮೇವ ಬದಲಿ ಮಾಡೀನಿ.”

ಅವಳು ಮಾತಾಡುತ್ತಲೇ ಒಂದು ಗಂಟಿನ ಬಾಯಿ ಬಿಚ್ಚಿ, ಬೆರಳಿನಲ್ಲಿ ಚಕ್ಕಾ ತೆಗೆದು, ವೈನಿಯ ಬಾಯಿಗೆ ಒಡ್ಡಿದಳು. ಬಸುರಿ ಮನೆಗೆ ಬಂದರೆ ಏನಾದರೂ ಬಾಯಿಗೆ ಹಾಕದೆ ಕಳಿಸುವುದಿಲ್ಲ ನಮ್ಮಲ್ಲಿ. “ತಿನ್ನವಾ, ನಿನಗಲ್ಲ, ಒಳಗಿರಾವಗ.”

ಅಣ್ಣ ಕೈ ಮುಂದೆ ಚಾಚಿದ. ಈ ಸಲ ಮೂಕನಾದವನು ಅವನು. ನಾನು ಚಂದ್ರಭಾಗಾಬಾಯಿಯ ಮುಂಗೈ ಹಿಡಿದೆ.

“ಬ್ಯಾಡ! ಯಾರೂ ತಿನಬ್ಯಾಡ್ರಿ! ಕರು ಹಿಡೀರಿ! ಈ ಬಟ್ಟಿ ಎಲ್ಲೆಲ್ಲಿ ಅದಾವ, ಯಾರ್ಯಾರ ಮನ್ಯಾಗ ಅದಾವ, ಎಲ್ಲಾರನ್ನೂ ಕರೀರಿ!”

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ಕರುವನ್ನು ಎಳೆದರು. ಆಕಾಶ ಅರ್ಧ ಹಾಕಿದ ಅಂಗಿಯಲ್ಲಿ ಓಡಿ ಬಂದ. ಚಂದ್ರಭಾಗಾಬಾಯಿ ತನ್ನ ಬೆರಳಿನ ಮೇಲಿನ ಬಿಳಿ ಚಕ್ಕಾವನ್ನು ಹಾವನ್ನು ನೋಡಿದಂತೆ ನೋಡುತ್ತ ನಿಂತಳು. ನಾನು ಒಬ್ಬೊಬ್ಬರಿಗೂ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಯಾರೋ ಹೆಂಗಸು “ನನ್ನ ಕೂಸಿನ ಮೈಮ್ಯಾಲ ಅದ ಐತಲ್ಲಾ!” ಎಂದು ಬಂದ ದಾರಿಯಲ್ಲೇ ಓಡಿದಳು.

ಆಗ ವೈನಿ ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು. ಬೇವಿನ ಮರದ ಕಡೆಯಿಂದ ಗಾಳಿ ಬೀಸಿತ್ತು. ಬಿಚ್ಚಿದ ಗಂಟಿನ ಹುಳಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ನನಗೂ ಬಂತು, ತೀರ ಸಣ್ಣಗೆ. ವೈನಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಕಣ್ಣು ತುಂಬ ಅಂಜಿಕೆ. ವಾಂತಿ ಬಂತೆಂದುಕೊಂಡು ಅವಳನ್ನು ಗೋಡೆಯ ಕಡೆ ನಡೆಸಲು ಹೋದೆ.

“ಅದಲ್ಲ,” ಎಂದಳು ಸೆರಗಿನೊಳಗಿಂದ. “ಬಾಯಾಗ ನೀರ ಬರಾಕತ್ತೈತಿ, ಶೀತಲಾ. ಇನ್ನೂ ಬೇಕ ಅನಸಾಕತ್ತೈತಿ. ನನ್ನ ಹಿಡ್ಕೋ.”

ಹಿಡಿದುಕೊಂಡೆ. ಗಾಡಿಯ ತನಕ, ಗಾಡಿಯಲ್ಲಿ, ಸೋಲಾಪುರ ಬರುವ ತನಕ ಬಿಡಲಿಲ್ಲ. ಅಣ್ಣ ದಾರಿಯಲ್ಲಿ ಅಂಗಿ ಬಿಚ್ಚಿ ಕಿಟಕಿಯಿಂದಾಚೆ ಎಸೆದು, ಬನಿಯನ್ನಿನಲ್ಲೇ ಗಾಡಿ ಓಡಿಸಿದ.